ವಿನೈಲ್ ಸೈಡಿಂಗ್‌ಗೆ ಮೊಳೆ ಗನ್ ಬಳಸುವುದು ಹೇಗೆ

ಮೊಳೆ ಗನ್ ಮಾಡಿರುವುದೇ ಮೊಳೆಯನ್ನು ಒಂದೇ ಏಟಿಗೆ ತಲೆ ತನಕ ಇಳಿಸಿ ಬಿಗಿ ಮಾಡಲಿಕ್ಕೆ. ವಿನೈಲ್ ಸೈಡಿಂಗ್‌ಗೆ, ಅಂದರೆ ಮನೆಯ ಹೊರಗೋಡೆಗೆ ಸಾಲು ಸಾಲಾಗಿ ಹೊದಿಸುವ ಪ್ಲಾಸ್ಟಿಕ್ ಪ್ಯಾನೆಲ್‌ಗೆ, ಬೇಕಾಗಿರುವುದು ಅದರ ಉಲ್ಟಾ. ಇಲ್ಲಿ ಮೊಳೆ ಪ್ಯಾನೆಲನ್ನು ಗೋಡೆಗೆ ಒತ್ತಿ ಹಿಡಿಯಬಾರದು. ಗೂಟಕ್ಕೆ ಅಂಗಿ ತಗುಲಿ ಹಾಕಿದ ಹಾಗೆ ಪ್ಯಾನೆಲ್ ಮೊಳೆಗೆ ಜೋತುಬಿದ್ದಿರಬೇಕು, ಅಷ್ಟೆ. ಗನ್ ಹಿಡಿದು ಟಪ ಟಪ ಹೊಡೆಯುವುದು ಯಾರಿಗಾದರೂ ಬರುತ್ತದೆ. ಅದನ್ನು ಕೂದಲೆಳೆಯಷ್ಟು ಮುಂಚೆ ನಿಲ್ಲಿಸುವುದೇ ಕಷ್ಟ.

ಹಾಗಾದರೆ ಸುತ್ತಿಗೆಯಲ್ಲೇ ಹೊಡೆದರಾಯ್ತು ಅಲ್ವಾ? ಒಂದೆರಡು ಸಣ್ಣ ಗೋಡೆ ಅಂದರೆ ಹೌದು, ಸುತ್ತಿಗೆಯೇ ಸಾಕು. ಕಂಪ್ರೆಸರ್ ಎಳೆದು ತಂದು, ಪೈಪ್ ಬಿಚ್ಚಿ, ಗನ್ ಸೆಟ್ ಮಾಡುವ ಹೊತ್ತಿಗೆ ಅರ್ಧ ಗೋಡೆ ಮುಗಿದಿರುತ್ತದೆ. ಆದರೆ ದೊಡ್ಡ ಗೋಡೆಯ ಲೆಕ್ಕ ಹಾಕಿ ನೋಡಿ. 40 ಅಡಿ ಉದ್ದ, 9 ಅಡಿ ಎತ್ತರದ ಗೋಡೆ, ಒಂದು ಸಾಲು 8 ಇಂಚು ಮುಚ್ಚುತ್ತದೆ ಅಂದುಕೊಳ್ಳೋಣ. ಹತ್ತಿರ ಹತ್ತಿರ 14 ಸಾಲು ಆಯಿತು. 16 ಇಂಚಿಗೊಂದು ಮೊಳೆ ಅಂದರೆ ಸಾಲಿಗೆ 30. ಒಂದೇ ಗೋಡೆಗೆ 400ಕ್ಕೂ ಜಾಸ್ತಿ ಮೊಳೆ, ಅದೂ ಸಾರವೆ ಮೇಲೆ ನಿಂತು, ಕೈ ಮೇಲೆತ್ತಿ, ಒಂದು ಕೈಯಲ್ಲಿ ಮೊಳೆ ಇನ್ನೊಂದರಲ್ಲಿ ಸುತ್ತಿಗೆ ಹಿಡಿದು. ನಾಲ್ಕು ಗೋಡೆ ಇದ್ದರೆ ಭುಜ ಬಿದ್ದೇ ಹೋಗುತ್ತದೆ. ಅಂಥ ಕಡೆ ಗನ್‌ನಿಂದ ನಿಜವಾಗಿ ಉಪಯೋಗ ಇದೆ, ಸರಿಯಾಗಿ ಸೆಟ್ ಮಾಡಿಕೊಂಡರೆ ಮಾತ್ರ.

ಯಾಕೆ ಸಡಿಲ ಬಿಡಬೇಕು

ಇದೊಂದು ಅರ್ಥ ಆದರೆ ಉಳಿದದ್ದೆಲ್ಲ ತಾನಾಗಿ ಅರ್ಥ ಆಗುತ್ತದೆ. ವಿನೈಲ್ ಅಂದರೆ ಪಿವಿಸಿ ಪ್ಲಾಸ್ಟಿಕ್. ಬಿಸಿಲಿಗೆ ಉದ್ದ ಆಗುತ್ತದೆ, ಚಳಿಗೆ ಕುಗ್ಗುತ್ತದೆ. ಸುಮಾರಾಗಿ ಹೇಳುವುದಾದರೆ ಒಂದು ಮೀಟರ್ ಉದ್ದದ ಪಿವಿಸಿ, ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ 0.06ರಿಂದ 0.07 ಮಿಲಿಮೀಟರ್ ಹಿಗ್ಗುತ್ತದೆ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಪ್ಯಾನೆಲ್ ಸಾಮಾನ್ಯವಾಗಿ 12 ಅಡಿ, ಅಂದರೆ 3.66 ಮೀಟರ್. ಚಳಿಗಾಲದ ರಾತ್ರಿಗೂ ಬೇಸಿಗೆಯ ಮಧ್ಯಾಹ್ನ ನೇರ ಬಿಸಿಲು ಬಿದ್ದ ಗೋಡೆಗೂ 50 ಡಿಗ್ರಿ ವ್ಯತ್ಯಾಸ ಆರಾಮಾಗಿ ಇರಬಹುದು. ಗುಣಿಸಿದರೆ ಸುಮಾರು 12 ಮಿಲಿಮೀಟರ್, ಅರ್ಧ ಇಂಚು ಹತ್ತಿರ. ಗಾಢ ಬಣ್ಣದ ಪ್ಯಾನೆಲ್ ಇನ್ನೂ ಜಾಸ್ತಿ ಕಾಯುತ್ತದೆ.

ಈ ಅರ್ಧ ಇಂಚು ಎಲ್ಲಿಗಾದರೂ ಹೋಗಬೇಕಲ್ಲ. ಅದಕ್ಕೇ ಪ್ಯಾನೆಲ್‌ನ ಮೇಲಂಚಿನ ಮೊಳೆ ಪಟ್ಟಿಯಲ್ಲಿ ದುಂಡು ತೂತಿನ ಬದಲು ಉದ್ದುದ್ದ ಸ್ಲಾಟ್ ಕೊಟ್ಟಿರುತ್ತಾರೆ. ಮೊಳೆ ಸ್ಲಾಟಿನ ನಡುವೆ ಇದ್ದು, ತಲೆ ಪಟ್ಟಿಗೆ ತಾಗದೆ ಇದ್ದರೆ ಪ್ಯಾನೆಲ್ ಎಡಕ್ಕೂ ಬಲಕ್ಕೂ ಸರಿದಾಡುತ್ತದೆ. ಮೊಳೆ ಬಿಗಿಯಾದರೆ ಸರಿಯಲಿಕ್ಕೆ ಜಾಗ ಇಲ್ಲದೆ ಎರಡು ಮೊಳೆಗಳ ನಡುವೆ ಉಬ್ಬಿ ನಿಲ್ಲುತ್ತದೆ. ಮಧ್ಯಾಹ್ನ ಗೋಡೆ ಅಲೆ ಅಲೆ ಕಾಣಿಸಿ, ಸಂಜೆ ಮತ್ತೆ ಸಪಾಟಾಗುವ ಮನೆ ನೋಡಿದ್ದರೆ ಅದರ ಕಾರಣ ಬಹುಪಾಲು ಇದೇ. ಜನ ಪ್ಯಾನೆಲ್ ಕಳಪೆ ಅಂತ ಬೈಯುತ್ತಾರೆ, ಆದರೆ ತಪ್ಪು ಪ್ಯಾನೆಲ್‌ನದ್ದಲ್ಲ. ಮೋಸ ಏನೆಂದರೆ, ತಂಪು ಹೊತ್ತಿನಲ್ಲಿ ಬಿಗಿಯಾಗಿ ಹೊಡೆದ ಗೋಡೆ ಆ ದಿನ ಕನ್ನಡಿ ಹಾಗೆ ಚೆಂದ ಕಾಣುತ್ತದೆ. ಬಣ್ಣ ಬಯಲಾಗುವುದು ಬೇಸಿಗೆಯಲ್ಲಿ. ಬಿಸಿಲಲ್ಲಿ ಬಿಗಿ ಮಾಡಿದ್ದರೆ ಚಳಿಗೆ ಕುಗ್ಗುವಾಗ ಮೊಳೆಯ ಹತ್ತಿರ ಸೀಳುತ್ತದೆ, ಇಲ್ಲ ಜೋಡಿನ ಜಾಗ ಬಾಯಿ ಬಿಡುತ್ತದೆ.

ಎಷ್ಟು ಸಡಿಲ? ತಲೆಗೂ ಮೊಳೆ ಪಟ್ಟಿಗೂ ನಡುವೆ ಒಂದು ಇಂಚಿನ 32ನೇ ಒಂದು ಭಾಗ, ಸುಮಾರು 0.8 ಮಿಲಿಮೀಟರ್. ಪ್ಯಾನೆಲ್ ಮಾಡುವವರ ಕೈಪಿಡಿಗಳಲ್ಲಿ ಸಿಗುವ ಅಳತೆ ಇದೇ. ಇಷ್ಟು ಸಣ್ಣದನ್ನು ಟೇಪ್ ಹಿಡಿದು ಅಳೆಯಲಿಕ್ಕೆ ಆಗುವುದಿಲ್ಲ. ಒಂದು ಉಪಾಯ ಇದೆ. ಕತ್ತರಿಸಿ ಉಳಿದ ಪ್ಯಾನೆಲ್ ತುಂಡಿನಿಂದ ಎರಡು ಬೆರಳಗಲದ ಚೂರು ಕತ್ತರಿಸಿ, ಅದರ ಒಂದು ತುದಿಯಲ್ಲಿ ಮೊಳೆಯ ಕಡ್ಡಿ ಹೋಗುವಷ್ಟು ಸೀಳು ಮಾಡಿಕೊಳ್ಳಿ. ಪ್ಯಾನೆಲ್ ದಪ್ಪ ಸಾಮಾನ್ಯವಾಗಿ 1 ಮಿಲಿಮೀಟರ್ ಆಸುಪಾಸು. ಹೊಡೆದ ಮೊಳೆಯ ತಲೆ ಕೆಳಗೆ ಈ ಚೂರು ತೂರಿಸಿ ನೋಡಿ. ಸ್ವಲ್ಪ ಒತ್ತಿದರೆ ಒಳಗೆ ಹೋಗಬೇಕು. ಹೋಗಲೇ ಇಲ್ಲ ಅಂದರೆ ಬಿಗಿ. ಒಳಗೆ ಹೋಗಿ ಗಡಗಡ ಅಲ್ಲಾಡುತ್ತದೆ ಅಂದರೆ ಸಡಿಲ ಹೆಚ್ಚಾಯಿತು, ಗಾಳಿ ಬಂದಾಗ ಪ್ಯಾನೆಲ್ ಪಟಪಟ ಬಡಿಯುತ್ತದೆ, ಎದ್ದು ನಿಂತ ತಲೆ ಮೇಲಿನ ಸಾಲಿಗೆ ಹಿಂದಿನಿಂದ ಒತ್ತಿ ಗುಳ್ಳೆ ಹಾಗೆ ಕಾಣುತ್ತದೆ. ಆ ಚೂರನ್ನು ದಾರ ಕಟ್ಟಿ ಟೂಲ್ ಬೆಲ್ಟಿಗೆ ನೇತು ಹಾಕಿಕೊಳ್ಳಿ, ದಿನವಿಡೀ ಬೇಕಾಗುತ್ತದೆ.

ಯಾವ ಗನ್

ಅಂಗಡಿಯಲ್ಲಿ "ಸೈಡಿಂಗ್ ನೈಲರ್" ಅಂತಲೇ ಒಂದು ಗನ್ ಸಿಗುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ಹೆಚ್ಚಾಗಿ ಮರದ ಹಲಗೆ ಮತ್ತು ಫೈಬರ್ ಸಿಮೆಂಟ್ ಹಲಗೆಗೆ ಮಾಡಿದ್ದು, ಅದರ ಮೊಳೆಯ ತಲೆ ಸಣ್ಣ. ವಿನೈಲ್‌ಗೆ ಮೊಳೆಯ ತಲೆ ಕನಿಷ್ಠ 5/16 ಇಂಚು, ಅಂದರೆ 8 ಮಿಲಿಮೀಟರ್ ಅಗಲ ಇರಬೇಕು, ಕಡ್ಡಿ 1/8 ಇಂಚು ಆಸುಪಾಸು. ತಲೆ ಸಣ್ಣದಾದರೆ ಜೋರು ಗಾಳಿಗೆ ಸ್ಲಾಟಿನಿಂದ ಪ್ಯಾನೆಲ್ ಕಿತ್ತುಕೊಂಡು ಬರುತ್ತದೆ.

ಸರಿಹೊಂದುವುದು ರೂಫಿಂಗ್ ಕಾಯಿಲ್ ನೈಲರ್, ಛಾವಣಿಗೆ ಶಿಂಗಲ್ ಅನ್ನುವ ಹೊದಿಕೆ ತುಂಡುಗಳನ್ನು ಹೊಡೆಯುವ ಗನ್. ಇದರ ಮೊಳೆಗಳು ತಂತಿಯಲ್ಲಿ ಜೋಡಿಸಿ ಸುರುಳಿ ಸುತ್ತಿ ಬರುತ್ತವೆ, ತಲೆ ಅಗಲ, ಸುಮಾರು 3/8 ಇಂಚು. ಕಲಾಯಿ ಹಾಕಿದ ಮೊಳೆಯೇ ಆಗಬೇಕು, ಇಲ್ಲದಿದ್ದರೆ ನಾಲ್ಕು ಮಳೆಗಾಲದ ನಂತರ ತುಕ್ಕಿನ ಗೆರೆ ಸೈಡಿಂಗ್ ಮೇಲೆ ಇಳಿಯುತ್ತದೆ. ಮರದ ಚೌಕಟ್ಟು ಕಟ್ಟುವ ಫ್ರೇಮಿಂಗ್ ಗನ್ ಬೇಡ, ಅದರ ಎಷ್ಟೋ ಮೊಳೆಗಳಿಗೆ ಅರ್ಧ ಕತ್ತರಿಸಿದ ತಲೆ ಇರುತ್ತದೆ, ಹೊಡೆತವೂ ಜಾಸ್ತಿ. ತೀರಾ ಸಣ್ಣ ತಲೆಯ ತೆಳು ಮೊಳೆ ಹೊಡೆಯುವ ಬ್ರ್ಯಾಡ್ ಗನ್ ಅಂತೂ ಇದಕ್ಕಲ್ಲವೇ ಅಲ್ಲ. ಸ್ಟೇಪಲ್ ಹೊಡೆಯುವವರೂ ಇದ್ದಾರೆ, 16 ಗೇಜಿಗಿಂತ ತೆಳುವಾಗಿರದ ಅಗಲ ಸ್ಟೇಪಲ್‌ಗೆ ಕೈಪಿಡಿಗಳು ಅವಕಾಶ ಕೊಡುತ್ತವೆ. ಆದರೂ ನನ್ನ ಮಾತು ಕೇಳುವುದಾದರೆ ಮೊಳೆಯೇ ಒಳ್ಳೆಯದು. ಸ್ಟೇಪಲ್ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಕಣ್ಣಿಗೆ ಗೊತ್ತಾಗುವುದು ಕಷ್ಟ, ತಪ್ಪಾದರೆ ಕೀಳುವುದು ಇನ್ನೂ ಕಷ್ಟ.

ರೂಫಿಂಗ್ ಗನ್‌ನ ಮೂತಿಗೆ ಹಾಕುವ ವಿನೈಲ್ ಸೈಡಿಂಗ್ ಅಟ್ಯಾಚ್‌ಮೆಂಟ್ ಕೆಲವು ಗನ್‌ಗಳಿಗೆ ಸಿಗುತ್ತದೆ. ಮೊಳೆಯನ್ನು ಸ್ಲಾಟಿನ ನಡುವೆ ಕೂರಿಸುವುದು, ತಲೆ ಪಟ್ಟಿಗೆ ತಾಗುವ ಮೊದಲೇ ನಿಲ್ಲುವ ಹಾಗೆ ಮಾಡುವುದು, ಇವೆರಡು ಅದರ ಕೆಲಸ. ನಿಮ್ಮ ಗನ್‌ಗೆ ಸಿಗುವುದಾದರೆ ದುಡ್ಡು ಕೊಟ್ಟು ತಗೊಳ್ಳಿ, ಅದಿಲ್ಲದೆ ಇಡೀ ಮನೆ ಗನ್‌ನಲ್ಲಿ ಹೊಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸಿಗದಿದ್ದರೆ ಮುಂದೆ ಹೇಳುವ ಅರ್ಧ ಗನ್ ಅರ್ಧ ಸುತ್ತಿಗೆ ದಾರಿ ಇದೆ.

ಬ್ಯಾಟರಿ ಗನ್ ಆದರೆ ಪೈಪ್ ಕಾಟ ಇಲ್ಲ, ಸಾರವೆ ಮೇಲೆ ಓಡಾಡಲು ಹಿತ. ಆದರೆ ತೂಕ ಜಾಸ್ತಿ, ಸಂಜೆ ಹೊತ್ತಿಗೆ ಮಣಿಕಟ್ಟು ಹೇಳುತ್ತದೆ.

ಮೊಳೆ ಎಷ್ಟು ಉದ್ದ

ಇಲ್ಲಿ ಒಂದು ತೊಡಕು ಇದೆ, ಎಷ್ಟೋ ಜನ ಗನ್ ತಂದ ಮೇಲೆ ನೋಡುತ್ತಾರೆ. ಮೊಳೆ ಮರದೊಳಗೆ ಕನಿಷ್ಠ ಒಂದೂಕಾಲು ಇಂಚು, ಅಂದರೆ 32 ಮಿಲಿಮೀಟರ್ ಇಳಿಯಬೇಕು ಅಂತ ಇಟ್ಟುಕೊಳ್ಳಿ. ಮರ ಅಂದರೆ ಒಳಗಿನ ಕಂಬ ಮತ್ತು ಅದರ ಮೇಲಿನ ಪ್ಲೈವುಡ್ ಅಥವಾ ಓಎಸ್‌ಬಿ (ಮರದ ಚಕ್ಕೆ ಅಂಟಿಸಿ ಒತ್ತಿ ಮಾಡಿದ) ಹಲಗೆ, ಎರಡೂ ಸೇರಿ. ಹಲಗೆ ಮೇಲೆ ಬೇರೇನೂ ಹಾಕದ ಗೋಡೆಗೆ ಒಂದೂವರೆ ಇಂಚಿನ ಮೊಳೆ ಸಾಕು, ರೂಫಿಂಗ್ ಗನ್ ಅದನ್ನು ಸುಲಭವಾಗಿ ಹೊಡೆಯುತ್ತದೆ.

ಹಲಗೆ ಮೇಲೆ ಒಂದು ಇಂಚು ದಪ್ಪದ ಫೋಮ್ ಶೀಟ್ ಹಾಕಿದ್ದಾರೆ ಅನ್ನಿ. ಫೋಮ್ ಮೊಳೆಯನ್ನು ಹಿಡಿಯುವುದಿಲ್ಲ, ಅದನ್ನು ಲೆಕ್ಕಕ್ಕೆ ತಗೊಳ್ಳುವ ಹಾಗಿಲ್ಲ. ಆಗ ಫೋಮಿನ 25, ಮರದ 32, ಪಟ್ಟಿ ಮತ್ತು ಸಡಿಲದ 2, ಒಟ್ಟು 59 ಮಿಲಿಮೀಟರ್. ಎರಡೂವರೆ ಇಂಚಿನ ಮೊಳೆ ಬೇಕು. ರೂಫಿಂಗ್ ಗನ್‌ಗೆ ಸಾಮಾನ್ಯವಾಗಿ ಹಿಡಿಯುವುದೇ ಒಂದೂಮುಕ್ಕಾಲು ಇಂಚಿನ ತನಕ. ಅಂದರೆ ಆ ಗೋಡೆಗೆ ಈ ಗನ್ ಆಗುವುದಿಲ್ಲ. ಒಂದೋ ಫೋಮ್ ಮೇಲೆ ಮರದ ಪಟ್ಟಿಗಳನ್ನು ಉದ್ದ ಸ್ಕ್ರೂ ಹಾಕಿ ಕಂಬಕ್ಕೆ ಕೂರಿಸಿ ಅದಕ್ಕೆ ಸೈಡಿಂಗ್ ಹೊಡೆಯಬೇಕು, ಪಟ್ಟಿಯ ದಪ್ಪವೂ ಮೊಳೆಗೆ ಸಾಲುವಷ್ಟು ಇರಬೇಕು. ಇಲ್ಲವೇ ಉದ್ದ ಮೊಳೆ ತಗೊಂಡು ಕೈಯಲ್ಲೇ ಹೊಡೆಯಬೇಕು. ಇಟ್ಟಿಗೆ, ಕಾಂಕ್ರೀಟ್ ಗೋಡೆಗೂ ಇದೇ ಮಾತು, ಮೊದಲು ಮರದ ಪಟ್ಟಿ. ನೇರವಾಗಿ ಕಾಂಕ್ರೀಟಿಗೆ ರೂಫಿಂಗ್ ಗನ್ ಹಿಡಿದರೆ ಮೊಳೆ ಬಾಗಿ ಸಿಡಿದು ಮುಖಕ್ಕೆ ಬರುತ್ತದೆ.

ಗಾಳಿ ಮತ್ತು ಆಳ ಸೆಟ್ ಮಾಡುವುದು

ಇದಕ್ಕೆ ಸಮಯ ಕೊಡಿ. ಇಡೀ ಕೆಲಸದಲ್ಲಿ ಇದೇ ಮುಖ್ಯ ಭಾಗ.

ಗನ್‌ನ ಆಳ ಎರಡು ಕಡೆಯಿಂದ ಬದಲಾಗುತ್ತದೆ: ಕಂಪ್ರೆಸರ್‌ನಿಂದ ಬರುವ ಗಾಳಿಯ ಒತ್ತಡ, ಮತ್ತು ಗನ್ ಮೂತಿಯ ಹತ್ತಿರ ಇರುವ ಆಳದ ಚಕ್ರ. ಈ ಗನ್‌ಗಳು ಸಾಮಾನ್ಯವಾಗಿ 70ರಿಂದ 120 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳಗೆ ಕೆಲಸ ಮಾಡುತ್ತವೆ, ನಿಮ್ಮ ಗನ್ ಮೇಲೆ ಬರೆದ ಗರಿಷ್ಠ ಮಿತಿ ಯಾವತ್ತೂ ದಾಟಬೇಡಿ. ತುಂಬಾ ಜನ ಒತ್ತಡ ಇಳಿಸಿ ಇಳಿಸಿ ಮೊಳೆಯನ್ನು ಸಡಿಲ ನಿಲ್ಲಿಸಲು ನೋಡುತ್ತಾರೆ. ಇದು ಕೆಲಸ ಕೆಡಿಸುವ ದಾರಿ. ಒತ್ತಡ ತೀರಾ ಕಮ್ಮಿ ಆದರೆ ಒಂದು ಮೊಳೆ ಪೂರ್ತಿ ಇಳಿಯುತ್ತದೆ, ಇನ್ನೊಂದು ಅರ್ಧಕ್ಕೆ ನಿಲ್ಲುತ್ತದೆ, ಮೂರನೆಯದು ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಗಿನಿಂದ ಶುರು ಮಾಡಿ, ಐದೈದು ಪಿಎಸ್‌ಐ ಏರಿಸುತ್ತಾ ಹೋಗಿ, ಎಲ್ಲ ಮೊಳೆಯೂ ಒಂದೇ ಆಳಕ್ಕೆ ಬರುವ ಒತ್ತಡ ಸಿಕ್ಕಿದ ಮೇಲೆ ಅದನ್ನು ಅಲ್ಲೇ ಬಿಡಿ. ಸಣ್ಣ ತಿದ್ದುಪಡಿ ಎಲ್ಲ ಚಕ್ರದಲ್ಲಿ ಮಾಡಿ.

ಪರೀಕ್ಷೆಯನ್ನು ನೆಲದ ಮೇಲೆ ಬಿದ್ದ ಯಾವುದೋ ಹಲಗೆ ಮೇಲೆ ಮಾಡಬೇಡಿ. ಅದೇ ಗೋಡೆ ಮೇಲೆ, ತುಂಡು ಪ್ಯಾನೆಲ್ ಇಟ್ಟು ಮಾಡಿ. ಗನ್ ಮೂತಿ ಒತ್ತಿದಾಗ ಮೊಳೆ ಪಟ್ಟಿ ಗೋಡೆಗೆ ಅಂಟುತ್ತದೆ, ಗನ್ ತೆಗೆದಾಗ ಸ್ವಲ್ಪ ಹೊರಗೆ ಬರುತ್ತದೆ. ಗನ್ ಹಿಡಿದಾಗ ಸರಿ ಅನ್ನಿಸಿದ ಮೊಳೆ ತೆಗೆದ ಮೇಲೆ ಬಿಗಿಯಾಗಿರಬಹುದು. ಇನ್ನೂ ಒಂದು ವಿಷಯ, ಕಂಬ ಇರುವ ಕಡೆ ಮರ ಗಟ್ಟಿ, ಬರೀ ಹಲಗೆ ಇರುವ ಕಡೆ ಮೆತ್ತಗೆ. ಒಂದೇ ಸೆಟ್ಟಿಂಗ್‌ನಲ್ಲಿ ಕಂಬದ ಮೇಲೆ ಸರಿಯಾಗಿ ನಿಂತ ಮೊಳೆ ಬರೀ ಹಲಗೆಯಲ್ಲಿ ಒಳಗೆ ಹೂತು ಹೋಗುತ್ತದೆ. ಹೇಗೂ ಮೊಳೆ ಕಂಬಕ್ಕೇ ಬೀಳಬೇಕು, ಹಾಗಾಗಿ ಕಂಬಗಳ ಜಾಗವನ್ನು ಮೊದಲೇ ಹುಡುಕಿ ಗೋಡೆಯ ಮೇಲಿಂದ ಕೆಳಗೆ ಗೆರೆ ಎಳೆದುಕೊಳ್ಳಿ, ಗನ್ ಅಲ್ಲೇ ಸೆಟ್ ಮಾಡಿ.

ಅಟ್ಯಾಚ್‌ಮೆಂಟ್ ಇಲ್ಲದವರಿಗೆ: ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮೊಳೆಯ ತಲೆ ಎರಡು ಮೂರು ಮಿಲಿಮೀಟರ್ ಹೊರಗೆ ನಿಲ್ಲುವ ಹಾಗೆ ಬಿಡಿ. ಆಮೇಲೆ ಸುತ್ತಿಗೆಯಿಂದ ಒಂದು ಹಗುರ ಪೆಟ್ಟು ಕೊಟ್ಟು ಸರಿಯಾದ ಜಾಗಕ್ಕೆ ತನ್ನಿ. ಸಮಯ ಸ್ವಲ್ಪ ಹೋಗುತ್ತದೆ, ನಿಜ. ಆದರೂ ಮೊಳೆ ಹಿಡಿದುಕೊಂಡು ಹೊಡೆಯುವ ಕಷ್ಟ ಇಲ್ಲ, ಬಿಗಿ ಆಗುವ ಭಯವೂ ಇಲ್ಲ. ಹೊರಗೆ ನಿಂತ ಮೊಳೆಯನ್ನು ಒಳಗೆ ಕಳಿಸುವುದು ಸುಲಭ, ಒಳಗೆ ಹೋದದ್ದನ್ನು ಈಚೆ ತರುವುದು ತಲೆನೋವು.

ಟ್ರಿಗರ್ ಬಗ್ಗೆ. ಎಷ್ಟೋ ಗನ್‌ಗಳಲ್ಲಿ ಎರಡು ರೀತಿ ಇರುತ್ತದೆ. ಟ್ರಿಗರ್ ಒತ್ತಿ ಹಿಡಿದು ಮೂತಿ ತಾಗಿಸಿದಾಗಲೆಲ್ಲ ಸಿಡಿಯುವ ಬಂಪ್ ಮೋಡ್ ಒಂದು, ಪ್ರತಿ ಸಲ ಮೂತಿ ಒತ್ತಿ ಆಮೇಲೆ ಟ್ರಿಗರ್ ಎಳೆಯಬೇಕಾದ ಸೀಕ್ವೆನ್ಷಿಯಲ್ ಮೋಡ್ ಇನ್ನೊಂದು. ವಿನೈಲ್‌ಗೆ ಎರಡನೆಯದೇ. ಬಂಪ್ ಮೋಡ್ ಛಾವಣಿ ಮೇಲೆ ಶಿಂಗಲ್ ಹೊಡೆಯುವಾಗ ಚೆನ್ನ, ಇಲ್ಲಿ ಸ್ಲಾಟಿನ ನಡುವೆ ಗುರಿ ಇಡಬೇಕು. ಮೇಲಾಗಿ ಸಾರವೆ ಮೇಲೆ ಕಾಲು ಜಾರಿ ಮೂತಿ ತೊಡೆಗೆ ತಾಗಿದರೆ ಬಂಪ್ ಮೋಡ್ ಗನ್ ಯೋಚನೆ ಮಾಡುತ್ತಾ ಕೂರುವುದಿಲ್ಲ.

ಗೋಡೆಗೆ ಹಾಕುವಾಗ

ಗೋಡೆ ತಯಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಮಾತು: ವಿನೈಲ್ ಸೈಡಿಂಗ್ ನೀರು ತಡೆಯುವ ಗೋಡೆ ಅಲ್ಲ. ಹಿಂದೆ ನೀರು ಹೋಗಿಯೇ ಹೋಗುತ್ತದೆ, ಅದಕ್ಕೇ ಪ್ಯಾನೆಲ್‌ಗಳ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಹಿಂದೆ ನೀರು ತಡೆಯುವ ಹಾಳೆ, ಕಿಟಕಿ ಬಾಗಿಲ ಸುತ್ತ ನೀರನ್ನು ಹೊರಗೆ ತಿರುಗಿಸುವ ಫ್ಲಾಶಿಂಗ್ ಪಟ್ಟಿ ಸರಿಯಾಗಿ ಇರಲೇಬೇಕು.

ಮೊದಲು ತಳದ ಸ್ಟಾರ್ಟರ್ ಪಟ್ಟಿ, ಮೊದಲ ಸಾಲು ಸಿಕ್ಕಿಕೊಳ್ಳುವುದು ಇದಕ್ಕೆ. ರಸಮಟ್ಟ ಹಿಡಿದು, ಬಣ್ಣದ ದಾರ ಎಳೆದು ಗೆರೆ ಹಾಕಿ, ಆ ಗೆರೆಗೆ ಸರಿಯಾಗಿ ಹೊಡೆಯಿರಿ. ಇದು ಓರೆಯಾದರೆ ಮೇಲಿನ ಹದಿನಾಲ್ಕು ಸಾಲೂ ಓರೆ. ಎರಡು ಪಟ್ಟಿಗಳ ತುದಿ ನಡುವೆ ಕಾಲು ಇಂಚು ಜಾಗ ಬಿಡಿ. ಗನ್ ಅಭ್ಯಾಸ ಮಾಡಲು ಸ್ಟಾರ್ಟರ್ ಪಟ್ಟಿಗಿಂತ ಒಳ್ಳೆಯ ಜಾಗ ಇಲ್ಲ, ಹೇಗೂ ಇದು ಪ್ಯಾನೆಲ್ ಹಿಂದೆ ಮುಚ್ಚಿಹೋಗುತ್ತದೆ. ಆದರೆ ಗನ್ ಏಟಿಗೆ ಪಟ್ಟಿ ನೆಗ್ಗಿದರೆ ಮೊದಲ ಸಾಲು ಅದಕ್ಕೆ ಸಿಕ್ಕಿಕೊಳ್ಳುವುದಿಲ್ಲ, ಇಲ್ಲೂ ಸಡಿಲವೇ.

ಮೂಲೆ ಕಂಬಗಳಿಗೆ, ಅಂದರೆ ಮನೆಯ ಮೂಲೆಗೆ ನಿಲ್ಲಿಸುವ ವಿನೈಲ್ ಪಟ್ಟಿಗಳಿಗೆ, ಲೆಕ್ಕ ಬೇರೆ. ಅವು ನಿಂತಿರುವ ವಸ್ತು, ಕೆಳಗೆ ಜಾರಬಾರದು. ಮೇಲಿನ ಎರಡು ಮೊಳೆ, ಒಂದೊಂದು ಬದಿಗೆ ಒಂದರಂತೆ, ಎಲ್ಲಕ್ಕಿಂತ ಮೇಲಿನ ಸ್ಲಾಟಿನ ಮೇಲ್ತುದಿಯಲ್ಲಿ ಹೊಡೆಯಿರಿ. ಕಂಬ ಆ ಎರಡು ಮೊಳೆಗೆ ನೇತಾಡುತ್ತದೆ. ಉಳಿದ ಮೊಳೆಗಳೆಲ್ಲ ಸ್ಲಾಟಿನ ನಡುವೆ, 8ರಿಂದ 12 ಇಂಚಿಗೊಂದು. ಆಗ ಹಿಗ್ಗುವುದೆಲ್ಲ ಕೆಳಕ್ಕೆ ಹೋಗುತ್ತದೆ. ಮೇಲೆ ಸೂರಿಗೆ ತಾಗದ ಹಾಗೆ ಕಾಲು ಇಂಚು ಬಿಡುವುದು ಮರೆಯಬೇಡಿ.

ಈಗ ಪ್ಯಾನೆಲ್. ಕೆಳಗಿನ ಬೀಗವನ್ನು ಸ್ಟಾರ್ಟರ್ ಪಟ್ಟಿಗೋ ಕೆಳಗಿನ ಸಾಲಿಗೋ ಕೂರಿಸಿ, ಅಂಗೈಯಿಂದ ಉದ್ದಕ್ಕೂ ಮೇಲಕ್ಕೆ ಒತ್ತುತ್ತಾ ಹೋಗಿ. ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಮೇಲೆ ಕೈ ಸಡಿಲ ಬಿಡಿ. ಪ್ಯಾನೆಲನ್ನು ಮೇಲಕ್ಕೆ ಎಳೆದು ಹಿಡಿದು ಮೊಳೆ ಹೊಡೆಯುವ ಚಾಳಿ ಬಹಳ ಜನಕ್ಕೆ ಇದೆ, ಸಾಲು ಚೆನ್ನಾಗಿ ಕೂರಲಿ ಅಂತ. ಹಾಗೆ ಎಳೆದರೆ ಬೀಗ ಬಿಗಿದುಕೊಂಡು, ಮೊಳೆ ಎಷ್ಟೇ ಸಡಿಲ ಇದ್ದರೂ ಪ್ಯಾನೆಲ್ ಸರಿದಾಡುವುದಿಲ್ಲ. ಗನ್‌ನಲ್ಲಿ ಈ ಅಪಾಯ ಸುತ್ತಿಗೆಗಿಂತ ಜಾಸ್ತಿ, ಯಾಕೆಂದರೆ ಮೂತಿ ಒತ್ತುವಾಗ ನಿಮಗೆ ಗೊತ್ತಿಲ್ಲದೆ ಪಟ್ಟಿಯನ್ನು ಮೇಲಕ್ಕೋ ಕೆಳಕ್ಕೋ ತಳ್ಳುತ್ತಿರುತ್ತೀರಿ. ಗನ್‌ನ ತೂಕ ಪ್ಯಾನೆಲ್ ಮೇಲೆ ಬೀಳದ ಹಾಗೆ ಕೈಯಲ್ಲೇ ಹಿಡಿದಿರಿ, ಒತ್ತುವುದು ನೇರ ಗೋಡೆ ಕಡೆಗೆ ಮಾತ್ರ.

ಮೊಳೆ ಪ್ಯಾನೆಲ್‌ನ ನಡುವಿನಿಂದ ಶುರು ಮಾಡಿ ಎರಡೂ ತುದಿ ಕಡೆಗೆ ಹೊಡೆಯುತ್ತಾ ಹೋಗಿ. ತುದಿಯಿಂದ ತುದಿಗೆ ಹೊಡೆದರೆ ಸಣ್ಣ ಉಬ್ಬುಗಳನ್ನು ನಡುವೆ ಕಟ್ಟಿಹಾಕಿದ ಹಾಗಾಗುತ್ತದೆ. ಅಂತರ 16 ಇಂಚಿಗಿಂತ ಜಾಸ್ತಿ ಬೇಡ. ಗಾಳಿ ಜೋರು ಬೀಸುವ ಕಡೆ ಇನ್ನೂ ಹತ್ತಿರ ಹೊಡೆಯಬೇಕಾಗಬಹುದು, ಆ ಅಳತೆ ಪ್ಯಾನೆಲ್ ಜೊತೆ ಬಂದ ಕಾಗದದಲ್ಲಿ ಇರುತ್ತದೆ. ರೂಫಿಂಗ್ ಗನ್‌ನ ಮೂತಿ ದಪ್ಪ, ಸ್ಲಾಟ್ ಕಣ್ಣಿಗೆ ಮುಚ್ಚಿಹೋಗುತ್ತದೆ. ಮೊಳೆ ಹೊರಗೆ ಬರುವ ಜಾಗಕ್ಕೆ ನೇರವಾಗಿ ಮೂತಿಯ ಮೇಲ್ಭಾಗದಲ್ಲಿ ಬಿಳಿ ಮಾರ್ಕರ್‌ನಿಂದ ಗೆರೆ ಎಳೆದುಕೊಂಡರೆ ಗುರಿ ಸಿಗುತ್ತದೆ. ಮೊಳೆ ಓರೆ ಹೋಗಬಾರದು. ಓರೆ ಮೊಳೆಯ ತಲೆಯ ಒಂದು ಅಂಚು ಪಟ್ಟಿಗೆ ಕಚ್ಚಿಕೊಂಡು, ಇನ್ನೊಂದು ಅಂಚು ಎದ್ದಿರುತ್ತದೆ, ನೋಡಲು ಸಡಿಲ, ಕೆಲಸದಲ್ಲಿ ಬಿಗಿ. ಎದೆ ಎತ್ತರಕ್ಕಿಂತ ಮೇಲೆ ಗನ್ ಚಾಚಿ ಹೊಡೆಯುವಾಗ ಇದು ಆಗಿಯೇ ಆಗುತ್ತದೆ, ಸೋಮಾರಿತನ ಬಿಟ್ಟು ಸಾರವೆ ಏರಿಸಿಕೊಳ್ಳಿ.

ಪ್ಯಾನೆಲ್ ತುದಿ ಮೂಲೆ ಕಂಬದ ಅಥವಾ ಜೆ ಚಾನೆಲ್‌ನ (ಕಿಟಕಿ ಬಾಗಿಲ ಸುತ್ತ ಪ್ಯಾನೆಲ್ ತುದಿ ಮುಚ್ಚುವ ಜೆ ಆಕಾರದ ಪಟ್ಟಿ) ಒಳಗೆ ಪೂರ್ತಿ ತಾಗಬಾರದು. ಕಾಲು ಇಂಚು ಜಾಗ ಬಿಡಿ. ಹವೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇರುವಾಗ ಹಾಕುತ್ತಿದ್ದರೆ 3/8 ಇಂಚು, ಯಾಕೆಂದರೆ ಆಗ ಪ್ಯಾನೆಲ್ ಕುಗ್ಗಿರುತ್ತದೆ, ಮುಂದೆ ಹಿಗ್ಗಲಿಕ್ಕೆ ಜಾಗ ಬೇಕು. ಎರಡು ಪ್ಯಾನೆಲ್ ಸೇರುವ ಕಡೆ ಒಂದರ ಮೇಲೊಂದು ಒಂದು ಇಂಚು ಏರಿಸಿ, ಮೇಲೆ ಬರುವ ಅಂಚು ಜನ ಹೆಚ್ಚು ನೋಡುವ ಕಡೆಗೆ ಮುಖ ಮಾಡದಿರಲಿ, ಆ ಜೋಡಿನ ಮೇಲೆ ಮೊಳೆ ಹೊಡೆಯಲೇಬೇಡಿ.

ಒಂದು ಪ್ಯಾನೆಲ್ ಮುಗಿದ ತಕ್ಷಣ, ಮುಂದಿನದಕ್ಕೆ ಹೋಗುವ ಮೊದಲು, ಎರಡೂ ಅಂಗೈ ಅದರ ಮೇಲಿಟ್ಟು ಎಡಕ್ಕೆ ಬಲಕ್ಕೆ ತಳ್ಳಿ ನೋಡಿ. ಸುಲಭವಾಗಿ ಸರಿಯಬೇಕು. ಸರಿಯದಿದ್ದರೆ ಯಾವ ಮೊಳೆ ಹಿಡಿದಿದೆ ಅಂತ ಆ ವಿನೈಲ್ ಚೂರು ತೂರಿಸಿ ಹುಡುಕಿ. ಮೇಲಿನ ಸಾಲು ಬಂದ ಮೇಲೆ ಆ ಮೊಳೆ ಕಾಣುವುದೇ ಇಲ್ಲ. ಆಗ ಬೀಗ ಬಿಡಿಸುವ ಜಿಪ್ ಟೂಲ್ ತಂದು ಮೇಲಿನ ಪ್ಯಾನೆಲ್ ಬಿಚ್ಚಿ ಕೂರಬೇಕು, ಒಂದು ಮೊಳೆಗೋಸ್ಕರ.

ಬಿಗಿಯಾದ ಮೊಳೆ ಸಿಕ್ಕಿದರೆ ತಗಡಿನ ಚೂರನ್ನು ಪಟ್ಟಿ ಮೇಲೆ ಆಸರೆಗೆ ಇಟ್ಟು, ಚಪ್ಪಟೆ ಮೊಳೆ ಕೀಳುವ ಬಾರ್‌ನಿಂದ ಒಂದು ಚೂರೇ ಎತ್ತಿ. ತಲೆ ಪಟ್ಟಿಯೊಳಗೆ ಹೂತು ಸ್ಲಾಟಿನ ಅಂಚು ಬಿಳಿಚಿಕೊಂಡಿದ್ದರೆ ಅಲ್ಲಿ ವಿನೈಲ್ ಸೀಳುವುದಕ್ಕೆ ಶುರುವಾಗಿದೆ ಅಂತ ಅರ್ಥ. ಆ ಮೊಳೆ ಪೂರ್ತಿ ಕಿತ್ತು, ಅದೇ ಕಂಬಕ್ಕೆ ಬೀಳುವ ಪಕ್ಕದ ಸ್ಲಾಟಿನಲ್ಲಿ ಹೊಸದು ಹೊಡೆಯಿರಿ.

ಗನ್ ಕೆಳಗಿಡಬೇಕಾದ ಜಾಗಗಳು

ಕಿಟಕಿ ಬಾಗಿಲ ಸುತ್ತ ಜೆ ಚಾನೆಲ್ ಹೊಡೆಯುವಾಗ ಗನ್ ಬೇಡ. ಜಾಗ ಇಕ್ಕಟ್ಟು, ಮೂತಿ ಚೌಕಟ್ಟಿಗೆ ತಾಗುತ್ತದೆ, ಮೊಳೆ ಓರೆಯಾಗುತ್ತದೆ, ಕೆಲವೊಮ್ಮೆ ಫ್ಲಾಶಿಂಗ್ ತೂತಾಗುತ್ತದೆ. ನೀರು ಒಳಗೆ ಬರುವ ಜಾಗವೇ ಅದು, ಅಲ್ಲಿ ಯಾಕೆ ಸುಮ್ನೆ ಸಾಹಸ. ಗೋಡೆಯೊಳಗೆ ವೈರು, ನೀರಿನ ಪೈಪ್ ಹೋಗಿರುವ ಕಡೆಯೂ ಅಷ್ಟೆ.

ಸೂರಿನ ಕೆಳಗಿನ ಕೊನೆಯ ಸಾಲಿಗೆ, ಕಿಟಕಿಯ ಕೆಳಗಿನ ಕತ್ತರಿಸಿದ ಪ್ಯಾನೆಲ್‌ಗೆ ಮೊಳೆ ಪಟ್ಟಿಯೇ ಇರುವುದಿಲ್ಲ, ಕತ್ತರಿಸಿ ಹೋಗಿರುತ್ತದೆ. ಅಲ್ಲಿ ಸ್ನ್ಯಾಪ್ ಲಾಕ್ ಪಂಚ್ ಅನ್ನುವ ಇಕ್ಕಳದಿಂದ ಅಂಚಿನಲ್ಲಿ ಕಿವಿಗಳನ್ನು ಎಬ್ಬಿಸಿ, ಯುಟಿಲಿಟಿ ಟ್ರಿಮ್ ಅನ್ನುವ ಅಂಚು ಪಟ್ಟಿಯ ಒಳಗೆ ತೂರಿಸಬೇಕು. ಪ್ಯಾನೆಲ್‌ನ ಮುಖದ ಮೇಲೆ ನೇರವಾಗಿ ಮೊಳೆ ಹೊಡೆದು ಮುಗಿಸುವ ಆಸೆ ಬರುತ್ತದೆ, ಗನ್ ಕೈಯಲ್ಲೇ ಇದೆಯಲ್ಲ. ಬೇಡ. ಅದಕ್ಕೆ ಅವಕಾಶ ಇರುವುದು ತ್ರಿಕೋನ ಗೋಡೆಯ ತುತ್ತತುದಿಯ ಕೊನೆಯ ಪುಟ್ಟ ತುಂಡಿಗೆ ಮಾತ್ರ, ಅದಕ್ಕೂ ಪ್ಯಾನೆಲ್ ಬಣ್ಣದ್ದೇ ಅಲ್ಯುಮಿನಿಯಂ ಮೊಳೆ, ಒಂದೇ ಒಂದು, ಕೈಯಿಂದ.

ಕಣ್ಣು, ಬೆರಳು, ಪೈಪ್

ಕನ್ನಡಕ ಹಾಕದೆ ಗನ್ ಮುಟ್ಟಬೇಡಿ. ಕಾಯಿಲ್ ಮೊಳೆಯ ತಂತಿ ಪ್ರತಿ ಏಟಿಗೂ ಚೂರಾಗಿ ಹಾರುತ್ತದೆ, ಅದು ಕಣ್ಣಿಗೆ ಬರುವ ಎತ್ತರದಲ್ಲೇ ನೀವು ಹೊಡೆಯುತ್ತಿರುತ್ತೀರಿ. ಕಿವಿಗೂ ಏನಾದರೂ ಹಾಕಿಕೊಳ್ಳಿ. ಪ್ಯಾನೆಲ್ ಹಿಡಿದ ಕೈ ಮೂತಿಯಿಂದ ಒಂದು ಅಡಿಯಾದರೂ ದೂರ ಇರಲಿ. ಗೋಡೆಯ ಹಿಂದೆ, ಮನೆ ಒಳಗೆ ಯಾರಾದರೂ ಇದ್ದಾರಾ ನೋಡಿಕೊಳ್ಳಿ, ಕಂಬ ತಪ್ಪಿದ ಮೊಳೆ ಹಲಗೆ ದಾಟಿ ಹೋಗಬಹುದು. ಮೊಳೆ ಸಿಕ್ಕಿಹಾಕಿಕೊಂಡರೆ ಮೊದಲು ಪೈಪ್ ಬಿಚ್ಚಿ, ಆಮೇಲೆ ಮೂತಿ ತೆರೆಯಿರಿ. ಬ್ಯಾಟರಿ ಗನ್ ಆದರೆ ಬ್ಯಾಟರಿ ತೆಗೆಯಿರಿ. ಮೂತಿಯ ಸೇಫ್ಟಿ ತುದಿಯನ್ನು ತಂತಿ ಕಟ್ಟಿ ಒಳಗೆ ಕೂರಿಸಿ ಕೆಲಸ ಮಾಡುವವರನ್ನು ಕಂಡರೆ ಅವರ ಸಾರವೆಯಿಂದ ಇಳಿದು ಹೋಗಿ. ಏಣಿ ಹತ್ತುವಾಗ ಟ್ರಿಗರ್ ಮೇಲೆ ಬೆರಳು ಬೇಡ, ಗನ್ನನ್ನು ಪೈಪ್ ಹಿಡಿದು ಮೇಲೆ ಎಳೆದುಕೊಳ್ಳುವುದೂ ಬೇಡ. ಸಾರವೆ ಮೇಲೆ ಪೈಪನ್ನು ಒಂದು ಕಡೆ ಕಟ್ಟಿಕೊಳ್ಳಿ, ಕಾಲಿಗೆ ಸುತ್ತಿಕೊಂಡರೆ ಬೀಳುವುದು ನೀವೇ.

ಮಧ್ಯಾಹ್ನ ಊಟ ಮುಗಿಸಿ ಬಂದ ಮೇಲೆ ಮತ್ತೆ ಒಂದು ತುಂಡಿನ ಮೇಲೆ ಹೊಡೆದು ನೋಡಿ. ಬೆಳಿಗ್ಗೆಯ ಸೆಟ್ಟಿಂಗ್ ಹಾಗೇ ಇರುತ್ತದೆ ಅಂತ ನಂಬಬೇಡಿ. ಪೈಪ್ ಉದ್ದ ಮಾಡಿಕೊಂಡಿದ್ದರೆ ಒತ್ತಡ ಬೀಳುತ್ತದೆ, ಇನ್ನೊಬ್ಬರು ಅದೇ ಕಂಪ್ರೆಸರ್‌ಗೆ ಬೇರೆ ಗನ್ ಹಾಕಿದ್ದರೆ ಏರುಪೇರಾಗುತ್ತದೆ, ಮೊಳೆಯ ಡಬ್ಬಿ ಬದಲಾಗಿದ್ದರೂ ಆಳ ಬದಲಾಗಬಹುದು. ಇನ್ನೊಂದು ಗೋಡೆಗೆ ಹೋದಾಗಲೂ ಹೀಗೇ ನೋಡಿಕೊಳ್ಳಿ, ಅಲ್ಲಿನ ಹಲಗೆ ಬೇರೆ ದಪ್ಪ ಇರಬಹುದು.

ಗಾಳಿಯ ಗನ್‌ಗೆ ದಿನಾ ಕೆಲಸ ಶುರು ಮಾಡುವಾಗ ಗಾಳಿ ಸೇರುವ ಬಾಯಿಗೆ ನಾಲ್ಕೈದು ಹನಿ ಗನ್ ಎಣ್ಣೆ ಬಿಡಿ, ಎಣ್ಣೆ ಬೇಡದ ಮಾದರಿ ಆಗಿದ್ದರೆ ಬಿಡಬೇಡಿ. ಸಂಜೆ ಪೈಪ್ ಬಿಚ್ಚಿ, ಕಂಪ್ರೆಸರ್ ಆಫ್ ಮಾಡಿ ಗಾಳಿ ಇಳಿಸಿ, ಟ್ಯಾಂಕಿನ ತಳದ ವಾಲ್ವ್ ತೆರೆದು ಒಳಗೆ ಕೂತ ನೀರನ್ನು ಪೂರ್ತಿ ಹೊರಗೆ ಬಿಡಿ. ಆ ನೀರು ಗನ್‌ಗೆ ಹೋದರೆ ಒಳಗೆ ತುಕ್ಕು, ಚಳಿ ದೇಶದಲ್ಲಿ ಪೈಪಿನೊಳಗೆ ಐಸು, ಮಾರನೇ ದಿನ ಮೊಳೆ ಮತ್ತೆ ಒಂದೊಂದು ಒಂದೊಂದು ಆಳಕ್ಕೆ.